ಪುಣೆಯ ತಟ್ಟೆಗೆ ಬಂದದ್ದು ಹೊಲಕ್ಕೆ ಮರಳಲಿ



ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸೋಣ. ಇಂದು ನಿಮ್ಮ ಮನೆಯಲ್ಲಿ ಮಾಡಿದ ಮೆಂತ್ಯ ಸೊಪ್ಪಿನ ಪಲ್ಯ ಯಾವ ಊರಿನ ಹೊಲದ್ದು? ಸೊಪ್ಪು ಸೋಸಿದ ಮೇಲೆ ಉಳಿದ ಕಡ್ಡಿ ಮತ್ತು ಬೇರು ಯಾವ ಊರಿಗೆ ಹೋದವು? "ಮಂಡಈಯಿಂದ ತಂದೆವು, ಕಸದ ಬುಟ್ಟಿಗೆ ಹಾಕಿದೆವು" ಎಂಬುದು ನಮ್ಮಲ್ಲಿ ಹೆಚ್ಚಿನವರ ಉತ್ತರ. ಅದು ಅರ್ಧ ಉತ್ತರ ಮಾತ್ರ. ಮಂಡಈಗೆ ಆ ಸೊಪ್ಪು ಎಲ್ಲಿಂದಲೋ ಬಂದಿರಲೇಬೇಕು. ಬುಟ್ಟಿಯ ಕಸ ಎಲ್ಲಿಗೋ ಹೋಗಿರಲೇಬೇಕು. ಪುಣೆಯ ಮಟ್ಟಿಗೆ ಈ ಎರಡು ಜಾಗಗಳೂ ಬಹಳ ವರ್ಷ ಒಂದೇ ದಿಕ್ಕಿನಲ್ಲಿದ್ದವು: ಊರಿನ ಪೂರ್ವಕ್ಕೆ, ಹಡಪಸರದ ಆಚೆ.

ಬೆಳೆಯುತ್ತಿರುವ ದೇಶಗಳ ದೊಡ್ಡ ಊರುಗಳು ಮುಂದಿನ ದಿನಗಳಲ್ಲಿ ಹೊಟ್ಟೆಗೇನು ಮಾಡಬೇಕು ಎಂಬ ಚರ್ಚೆ ಇಂದು ಜಗತ್ತಿನ ಎಲ್ಲೆಡೆ ನಡೆದಿದೆ. 2015ರ ಅಕ್ಟೋಬರಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನೂರಕ್ಕೂ ಹೆಚ್ಚು ನಗರಗಳು ಸೇರಿ ನಗರಗಳ ಆಹಾರದ ಬಗ್ಗೆ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಒಪ್ಪಂದಗಳು ಒಳ್ಳೆಯವೇ. ಆದರೆ ವಿಷಯ ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಪುಣೆಯ ನೀರು, ಹೊಲ, ಸಂತೆ, ಕೂಲಿಯವನ ಊಟ, ಅಡುಗೆಮನೆಯ ಸಿಪ್ಪೆ ಇವನ್ನು ಒಂದೊಂದಾಗಿ ನೋಡುತ್ತ ಹೋದರೆ ಸಾಕು. ಈ ಊರಿನ ಅನ್ನದ ಸರಪಳಿಯ ಹೆಚ್ಚಿನ ಕೊಂಡಿಗಳನ್ನು ಹಿಂದಿನವರು ಆಗಲೇ ಮಾಡಿಟ್ಟಿದ್ದಾರೆ. ಬಿಟ್ಟುಹೋಗಿರುವ ಕೊಂಡಿ ಮುಖ್ಯವಾಗಿ ಒಂದು. ಅದನ್ನು ಕೂಡಿಸುವುದು ನಮ್ಮ ನಿಮ್ಮ ಅಡುಗೆಮನೆಯಿಂದಲೇ ಆಗಬೇಕಾದ ಕೆಲಸ.

ಕಾಲುವೆಯ ನೀರು, ಫುಲೆಯವರ ತೋಟ

ಮುಠಾ ನದಿಗೆ ಖಡಕವಾಸಲಾ ಅಣೆಕಟ್ಟು ಕಟ್ಟಿದ್ದು 19ನೇ ಶತಮಾನದ ಎಪ್ಪತ್ತರ ದಶಕದಲ್ಲಿ. ಅಲ್ಲಿಂದ ಹೊರಟ ಬಲದಂಡೆ ಕಾಲುವೆ ಪುಣೆಯನ್ನು ಹಾದು ಹಡಪಸರದ ಕಡೆಗೆ ಹರಿಯಿತು. ಹೊಸ ನೀರನ್ನು ಹೇಗೆ ಬಳಸಬೇಕೆಂದು ರೈತರಿಗೆ ಮೊದಮೊದಲು ತಿಳಿಯದಿದ್ದಾಗ, ಹಡಪಸರದ ಬಳಿಯ ಮಾಂಜರಿಯಲ್ಲಿ ಜಮೀನು ಮಾಡಿ, ಕಾಲುವೆಯ ನೀರಿನಿಂದ ಬೆಳೆ ತೆಗೆದು ತೋರಿಸಿದವರಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಒಬ್ಬರು. ಫುಲೆಯವರೆಂದರೆ ನಮಗೆ ನೆನಪಾಗುವುದು ಹೆಣ್ಣುಮಕ್ಕಳ ಶಾಲೆ ಮತ್ತು ಸತ್ಯಶೋಧಕ ಸಮಾಜ. ಅವರು ಹೂವು ಹಣ್ಣು ಬೆಳೆಯುವ ಮಾಳಿ ಮನೆತನದವರು. 1876ರಿಂದ ಕೆಲವು ವರ್ಷ ಪುಣೆ ಮುನಿಸಿಪಾಲಿಟಿಯ ಸದಸ್ಯರಾಗಿಯೂ ಇದ್ದರು. ರೈತನ ಬವಣೆಯ ಬಗ್ಗೆ 'ಶೇತಕರ್ಯಾಚಾ ಆಸೂಡ' ಎಂಬ ಪುಸ್ತಕವನ್ನು 1883ರಲ್ಲಿ ಬರೆದರು. ರೈತನ ಬಾರುಕೋಲು ಎಂದು ಅದರ ಅರ್ಥ.

ನಗರದ ನಡುವೆ ಎಂಟು ಮೂಲೆಯ ಗೋಪುರವಿರುವ ಹಳೆಯ ಮಂಡಈಯನ್ನು ನೀವು ನೋಡಿಯೇ ಇರುತ್ತೀರಿ. 1880ರ ದಶಕದಲ್ಲಿ ಕಟ್ಟಿದಾಗ ಮುಂಬಯಿಯ ಗವರ್ನರ್ ಲಾರ್ಡ್ ರೇ ಅವರ ಹೆಸರಿನಲ್ಲಿ ಅದು 'ರೇ ಮಾರ್ಕೆಟ್' ಆಗಿತ್ತು. ಅನಂತರ ಮಹಾತ್ಮಾ ಫುಲೆ ಮಂಡಈ ಆಯಿತು. ಕಾಲುವೆಯ ಪಕ್ಕದಲ್ಲಿ ಬೇಸಾಯ ಮಾಡಿದವರ ಹೆಸರು ಊರಿನ ತರಕಾರಿ ಮಾರುಕಟ್ಟೆಗೆ ಬಂದದ್ದು ಬಹಳ ಸರಿಯಾದ ಮಾತು. ನೀರು, ಹೊಲ, ಮಂಡಈ ಈ ಮೂರೂ ಎತ್ತಿನ ಗಾಡಿ ಒಂದು ದಿನದಲ್ಲಿ ಹೋಗಿಬರುವಷ್ಟು ದೂರದಲ್ಲಿದ್ದ ಕಾಲವದು.

ಹೊಲದ ಮೇಲೆ ಬೆಳೆದ ಊರು

ಈಗ ನೋಡಿ. ಖಡಕವಾಸಲಾ, ಪಾನಶೇತ, ವರಸಗಾಂವ, ಟೇಮಘರ ಈ ನಾಲ್ಕು ಜಲಾಶಯಗಳು ತುಂಬಿದರೆ ಒಟ್ಟು ಸುಮಾರು 29 ಟಿಎಂಸಿ ನೀರು. ಹೊಲಗಳಿಗೆಂದು ಆರಂಭವಾದ ಈ ವ್ಯವಸ್ಥೆಯಿಂದ ಇಂದು ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಪುಣೆಯ ನಲ್ಲಿಗಳೇ ಕುಡಿಯುತ್ತವೆ. ಉಳಿದದ್ದಕ್ಕಾಗಿ ದೌಂಡ, ಇಂದಾಪುರದ ರೈತರು ಕಾಯಬೇಕು. ಮಳೆ ಕಡಿಮೆಯಾದ ವರ್ಷ ಊರಿಗೂ ಹೊಲಕ್ಕೂ ಜಗಳ ಹತ್ತುತ್ತದೆ. ಕಾಲುವೆಯ ಬದುವಿನ ಉದ್ದಕ್ಕೂ ಮನೆಗಳೆದ್ದಿವೆ. 2018ರ ಸೆಪ್ಟೆಂಬರ್ 27ರಂದು ದಾಂಡೇಕರ ಪೂಲ್ ಹತ್ತಿರ ಕಾಲುವೆಯ ಗೋಡೆ ಒಡೆದು ಬಡವರ ವಸತಿಗೆ ನೀರು ನುಗ್ಗಿದ್ದನ್ನು ನಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದಾರೆ.

ಹೊಲಗಳ ಕಥೆಯೂ ಹೀಗೆಯೇ. ಹಡಪಸರದ ಮಗರಪಟ್ಟಾದಲ್ಲಿ ಸುಮಾರು 120 ರೈತ ಕುಟುಂಬಗಳು ತಮ್ಮ 400 ಎಕರೆಯಷ್ಟು ಜಮೀನನ್ನು ಬಿಲ್ಡರುಗಳಿಗೆ ಮಾರದೆ ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ ಹೊಸ ನಗರ ಕಟ್ಟಿದರು. ರೈತನ ಕೈಗೆ ಹಣವೂ ಪಾಲೂ ಬಂದ ಅಪರೂಪದ ಉದಾಹರಣೆಯೆಂದು ಅದನ್ನು ಹೊಗಳಬೇಕಾದದ್ದೇ. ಆದರೆ ಬೆಳೆಯ ಲೆಕ್ಕದಲ್ಲಿ ಆ ನೆಲ ಹೋಯಿತು. ಈರುಳ್ಳಿಗೆ ಹೆಸರಾದ ಚಾಕಣದಲ್ಲಿ ಇಂದು ಮೋಟಾರು ಕಾರ್ಖಾನೆಗಳು ಸಾಲುಗಟ್ಟಿವೆ. ಹಿಂಜವಡಿ, ಮಾಣ ಗ್ರಾಮಗಳ ಹೊಲಗಳಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಎದ್ದಿವೆ. ಅಲ್ಲಿ ಕೆಲಸ ಮಾಡುವವರಲ್ಲಿ ನಮ್ಮ ಮನೆಯ ಮಕ್ಕಳೇ ಎಷ್ಟೋ ಮಂದಿ ಇದ್ದಾರೆ. ಹಾಗಾಗಿ ಯಾರನ್ನೂ ದೂರಿ ಫಲವಿಲ್ಲ. ಊರು ಬೆಳೆದಷ್ಟೂ ಸೊಪ್ಪು ತರಕಾರಿಯ ಹೊಲ ದೂರ ಸರಿಯುತ್ತದೆ, ಟೆಂಪೊ ಬಾಡಿಗೆ ಏರುತ್ತದೆ, ದಾರಿಯಲ್ಲಿ ಬಾಡುವುದು ಹೆಚ್ಚುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಸಂತೆ ಮತ್ತು ಭಾಕರಿ

ನಾರಾಯಣಗಾಂವದ ಟೊಮೆಟೊ, ಪುರಂದರದ ಬಟಾಣಿ ಮತ್ತು ಅಂಜೂರ, ಸೊಲ್ಲಾಪುರದ ಜೋಳ ಮೊದಲಾದ ಮಾಲು ಬೆಳಗಿನ ಜಾವ ಬಂದು ಇಳಿಯುವುದು ಗುಲಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ. ಅಲ್ಲಿ ಚೀಲ ಇಳಿಸುವ ಹಮಾಲನ ಬೆನ್ನಿನ ಮೇಲೆ ಈ ಊರಿನ ಊಟ ನಿಂತಿದೆ. ಆ ಹಮಾಲನ ಊಟದ ಗತಿಯೇನು? ಈ ಪ್ರಶ್ನೆಗೆ ಪುಣೆ ಕೊಟ್ಟ ಉತ್ತರ ದೇಶಕ್ಕೇ ಮಾದರಿ. ಡಾ. ಬಾಬಾ ಆಢಾವ ಅವರ ನೇತೃತ್ವದ ಹಮಾಲ ಪಂಚಾಯತ್ 1974ರಲ್ಲಿ 'ಕಷ್ಟಾಚೀ ಭಾಕರ' ಎಂಬ ಊಟದ ಕೇಂದ್ರವನ್ನು ಆರಂಭಿಸಿತು. ಕಷ್ಟದ ರೊಟ್ಟಿ, ಅಂದರೆ ದುಡಿದು ತಿನ್ನುವ ರೊಟ್ಟಿ. ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ತತ್ವ. ಬಡಿಸುವುದು ಭಾಕರಿ, ಝುಣಕಾ, ಪಲ್ಯ. ಹೆಣ್ಣುಮಕ್ಕಳಿಗೆ ಅಡುಗೆಯ ಉದ್ಯೋಗ, ದುಡಿಯುವವರಿಗೆ ಕೈಗೆಟಕುವ ಬೆಲೆಯ ಹೊಟ್ಟೆತುಂಬ ಊಟ.

ಸರಕಾರಗಳೂ ಇಂಥ ಯೋಜನೆ ಮಾಡಿವೆ. 1995ರಲ್ಲಿ ಅಧಿಕಾರಕ್ಕೆ ಬಂದ ಮಹಾರಾಷ್ಟ್ರ ಸರಕಾರ ಒಂದು ರೂಪಾಯಿಯ ಝುಣಕಾ ಭಾಕರ ಕೇಂದ್ರಗಳನ್ನು ತೆರೆಯಿತು. ಕೆಲವೇ ವರ್ಷಗಳಲ್ಲಿ ಅವು ನಿಂತವು. ಕರ್ನಾಟಕದಲ್ಲಿ 2017ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಇಂದಿರಾ ಕ್ಯಾಂಟೀನ್ ಶುರುವಾಯಿತು; ಆಗ ತಿಂಡಿಗೆ 5 ರೂ., ಊಟಕ್ಕೆ 10 ರೂ. ಸರಕಾರಿ ಅನುದಾನ ಬೇಕೇ ಬೇಕು. ಆದರೆ ದುಡಿಯುವವರೇ ಕಟ್ಟಿದ್ದು ಸರಕಾರ ಬದಲಾದಾಗ ಮುಚ್ಚಿಹೋಗುವುದಿಲ್ಲ ಎಂಬುದನ್ನು ಕಷ್ಟಾಚೀ ಭಾಕರ ತೋರಿಸಿಕೊಟ್ಟಿದೆ.

ಭಾಕರಿಯ ಬಗ್ಗೆ ನಮಗೆ, ಅದರಲ್ಲೂ ಉತ್ತರ ಕರ್ನಾಟಕದವರಿಗೆ, ಹೇಳಿಕೊಡಬೇಕಾಗಿಲ್ಲ. ಸೊಲ್ಲಾಪುರ ಮತ್ತು ವಿಜಯಪುರದ ಎರೆ ಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬರುವುದು ನೆಲದಲ್ಲಿ ಉಳಿದ ತೇವದಿಂದಲೇ. ಕಾಲುವೆಯ ಬಾಯಿ ಕಾಯಬೇಕಾದ ಬೆಳೆ ಅದಲ್ಲ. ಮಾಲದಂಡಿ ಜೋಳದ ಕಾಳು ಮನುಷ್ಯನಿಗೆ, ಕಣಿಕೆ ದನಕ್ಕೆ. ನೀರಿಗೆ ಜಗಳವಾಡುವ ಊರಿಗೆ ಇದಕ್ಕಿಂತ ತಕ್ಕ ಧಾನ್ಯ ಇನ್ನಾವುದು? ವಾರದಲ್ಲಿ ಎರಡು ದಿನ ಗೋಧಿಯ ಬದಲು ಜೋಳದ ರೊಟ್ಟಿ ತಟ್ಟುವ ಮನೆ, ಅರಿತೋ ಅರಿಯದೆಯೋ ಕಾಲುವೆಯ ಕೊನೆಯ ರೈತನಿಗೆ ನೆರವಾದಂತೆ.

ಇನ್ನು ರೈತನಿಗೆ ಸಿಗುವ ಬೆಲೆ. ಮಾರ್ಕೆಟ್ ಯಾರ್ಡಿನಲ್ಲಿ ಅಡತಿ ದಲಾಲರ ಕೈ ದಾಟಿ, ಸಗಟು ವ್ಯಾಪಾರಿಯಿಂದ ಚಿಲ್ಲರೆ ಅಂಗಡಿಗೆ ಹೋಗಿ, ನಮ್ಮ ಚೀಲಕ್ಕೆ ಬರುವ ಹೊತ್ತಿಗೆ ಬೆಲೆ ಎಷ್ಟೋ ಪಾಲು ಏರಿರುತ್ತದೆ. 2016ರಲ್ಲಿ ಮಹಾರಾಷ್ಟ್ರ ಸರಕಾರ ಹಣ್ಣು ತರಕಾರಿಗಳನ್ನು ಯಾರ್ಡಿನ ಹೊರಗೂ ಮುಕ್ತವಾಗಿ ಮಾರಲು ಅವಕಾಶ ಕೊಟ್ಟಿತು. ಅಲ್ಲಿಂದೀಚೆಗೆ ಪುಣೆಯ ಹಲವು ಬಡಾವಣೆಗಳಲ್ಲಿ ರೈತರ ವಾರದ ಸಂತೆಗಳು ಹೆಚ್ಚಿದವು. ಅದಕ್ಕೂ ಮೊದಲೇ, 2004ರಲ್ಲಿ, ಮುಳಶಿ ತಾಲ್ಲೂಕಿನ ರೈತ ಜ್ಞಾನೇಶ್ವರ ಬೋಡಕೆಯವರು 'ಅಭಿನವ ಫಾರ್ಮರ್ಸ್ ಕ್ಲಬ್' ಕಟ್ಟಿ, ನಡುವಿನವರಿಲ್ಲದೆ ನೇರವಾಗಿ ಪುಣೆಯ ಮನೆಗಳಿಗೆ ತರಕಾರಿ ತಲುಪಿಸುವ ದಾರಿ ತೋರಿಸಿದ್ದರು.

ಈ ವಿಚಾರದಲ್ಲಿ ನಾವು ಕನ್ನಡಿಗರು ಹೆಮ್ಮೆಪಡಬಹುದಾದ ಹೆಸರೊಂದಿದೆ: ಹಾಪ್‌ಕಾಮ್ಸ್. 1959ರಲ್ಲಿ, ಡಾ. ಎಂ. ಎಚ್. ಮರೀಗೌಡರ ಪ್ರೇರಣೆಯಿಂದ, ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಅದು ಹುಟ್ಟಿತು. ಮುಂದೆ ಎಲ್ಲ ತೋಟದ ಬೆಳೆಗಳನ್ನೂ ಸೇರಿಸಿಕೊಂಡಿತು. ರೈತನಿಂದ ಸರಿಯಾದ ತೂಕದಲ್ಲಿ ಕೊಂಡು, ದರದ ಹಲಗೆ ಹಾಕಿ, ಚೌಕಾಶಿಯಿಲ್ಲದೆ ಮಾರುವ ಆ ಹಸಿರು ಮಳಿಗೆಗಳು ಬೆಂಗಳೂರಿನ ಎಷ್ಟು ಬೀದಿಗಳಲ್ಲಿದ್ದವು! ಇತ್ತೀಚಿನ ವರ್ಷಗಳಲ್ಲಿ ಸೂಪರ್ ಮಾರ್ಕೆಟ್ ಮತ್ತು ಫೋನಿನ ಮೇಲೆ ತರಿಸುವ ವ್ಯಾಪಾರದ ಎದುರು ಮಳಿಗೆಗಳು ಕಡಿಮೆಯಾಗಿವೆ. ಇದರಲ್ಲಿ ಒಂದು ಪಾಠವಿದೆ. ಸಹಕಾರ ಸಂಘ ಕಟ್ಟುವುದು ಬೆಳೆಗಾರರ ಕೆಲಸವಾದರೆ, ಅದನ್ನು ಉಳಿಸುವುದು ಗಿರಾಕಿಗಳ ಕೆಲಸ.

ಸಿಪ್ಪೆ ಹೋದ ದಾರಿ

ಈಗ ಆರಂಭದ ಎರಡನೆಯ ಪ್ರಶ್ನೆಗೆ ಬರೋಣ. ಮೆಂತ್ಯದ ಕಡ್ಡಿ ಎಲ್ಲಿಗೆ ಹೋಯಿತು?

ಒಂದು ಕಾಲಕ್ಕೆ ಪುಣೆಯ ಕಸ ಕೋಥರೂಡದ ಡಿಪೋಕ್ಕೆ ಹೋಗುತ್ತಿತ್ತು. ಆ ಜಾಗದಲ್ಲಿ ಇಂದು ಮೆಟ್ರೊ ರೈಲುಗಳು ನಿಲ್ಲುತ್ತವೆ. ಅಲ್ಲಿ ಜನವಸತಿ ಹೆಚ್ಚಿದ ಮೇಲೆ, 1990ರ ದಶಕದಿಂದ, ಕಸದ ಲಾರಿಗಳು ಪೂರ್ವಕ್ಕೆ ತಿರುಗಿ ಉರುಳಿ ದೇವಾಚಿ ಮತ್ತು ಫುರಸುಂಗಿ ಗ್ರಾಮಗಳ ದಾರಿ ಹಿಡಿದವು. ಅವು ಬೇಸಾಯದ ಹಳ್ಳಿಗಳು. ಹಸಿ ಕಸ, ಒಣ ಕಸ, ಪ್ಲಾಸ್ಟಿಕ್, ಔಷಧದ ಬಾಟಲಿ ಎಲ್ಲ ಕಲಸಿದ ರಾಶಿ ವರ್ಷದಿಂದ ವರ್ಷಕ್ಕೆ ಗುಡ್ಡವಾಗಿ ಬೆಳೆಯಿತು. ಅದರಿಂದ ಬಸಿದ ಕಪ್ಪು ನೀರು ಬಾವಿಗಳಿಗೆ ಇಳಿಯಿತು. ಬಾವಿಯಿದ್ದ ಊರಿಗೆ ಕುಡಿಯುವ ನೀರನ್ನು ಟ್ಯಾಂಕರಿನಲ್ಲಿ ಕಳಿಸುವ ಪರಿಸ್ಥಿತಿ ಬಂತು. ಗ್ರಾಮಸ್ಥರು ಎಷ್ಟೋ ಸಲ ರಸ್ತೆಯಲ್ಲಿ ಕುಳಿತು ಲಾರಿಗಳನ್ನು ತಡೆದರು. 2017ರ ಬೇಸಿಗೆಯಲ್ಲಿ ರಾಶಿಗೆ ಬೆಂಕಿ ಬಿದ್ದಾಗ ಸುಮಾರು ಮೂರು ವಾರ ಲಾರಿಗಳು ಒಳಗೆ ಹೋಗಲಿಲ್ಲ. ಆಗ ನಮ್ಮ ಬೀದಿಗಳ ಮೂಲೆಗಳಲ್ಲಿ ಕಸ ಕೊಳೆತದ್ದು ನಿಮಗೆ ನೆನಪಿರಬಹುದು. ನಮಗೆ ಮೂರು ವಾರ ತಡೆಯಲಾಗದ ವಾಸನೆಯನ್ನು ಆ ಹಳ್ಳಿಗಳು ಎರಡು ದಶಕಕ್ಕೂ ಹೆಚ್ಚು ಕಾಲ ತಡೆದುಕೊಂಡಿದ್ದವು.

ಯೋಚಿಸಿ ನೋಡಿ. ನಮ್ಮ ಊರುಗಳ ಕಸದಲ್ಲಿ ತೂಕದ ಲೆಕ್ಕಕ್ಕೆ ಅರ್ಧದಷ್ಟು, ಹಲವೆಡೆ ಇನ್ನೂ ಹೆಚ್ಚು, ಅಡುಗೆಮನೆಯ ಹಸಿ ಕಸವೇ. ಬೇರೆಯಾಗಿ ಇಟ್ಟಿದ್ದರೆ ಅದು ಗೊಬ್ಬರ. ಪ್ಲಾಸ್ಟಿಕ್ಕಿನ ಜೊತೆ ಕಲಸಿದರೆ ಅದೇ ವಿಷ. ಸೊಪ್ಪು ಕೊಟ್ಟ ದಿಕ್ಕಿಗೆ ನಾವು ಗೊಬ್ಬರ ಕಳಿಸಬಹುದಾಗಿತ್ತು, ಕಳಿಸಿದ್ದು ಬೇರೆಯನ್ನು. ಸರಪಳಿಯಲ್ಲಿ ತಪ್ಪಿದ ಕೊಂಡಿ ಎಂದು ಮೊದಲು ಹೇಳಿದ್ದು ಇದನ್ನೇ.

ಸಮಾಧಾನದ ಸಂಗತಿಯೆಂದರೆ ಈ ಕೊಂಡಿಯನ್ನು ಕೂಡಿಸುವ ಕೈಗಳೂ ಪುಣೆಯಲ್ಲೇ ಇವೆ. 1993ರಲ್ಲಿ ಕಸ ಆಯುವವರು ಸೇರಿ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘಟನೆ ಕಟ್ಟಿದರು. ಅದರಿಂದ ಹುಟ್ಟಿದ 'ಸ್ವಚ್ಛ' ಸಹಕಾರಿ ಸಂಸ್ಥೆ 2008ರಲ್ಲಿ ಮಹಾನಗರಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಮನೆಮನೆಯಿಂದ ಕಸ ಸಂಗ್ರಹಿಸುವ ಕೆಲಸ ಹಿಡಿಯಿತು. ಮೂರು ಸಾವಿರಕ್ಕೂ ಹೆಚ್ಚಿನ ಕೆಲಸಗಾರರು, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ನಿಮ್ಮ ಸೊಸೈಟಿಗೆ ಬೆಳಿಗ್ಗೆ ಬರುವ ತಾಯಿ ಅವರಲ್ಲಿ ಒಬ್ಬರಿರಬಹುದು. ನೀವು ಕಲಸಿ ಕೊಟ್ಟ ಚೀಲವನ್ನು ಆಕೆ ಬರಿಗೈಯಿಂದ ಬಿಡಿಸಬೇಕು. ಪಾಲಿಕೆ ಕಟ್ಟಿಸಿದ ಸಣ್ಣ ಬಯೋಗ್ಯಾಸ್ ಘಟಕಗಳ ಅಳಿವು ಉಳಿವೂ ಇದೇ ವಿಂಗಡಣೆಯ ಮೇಲಿದೆ. ಯಂತ್ರ ಎಷ್ಟೇ ಒಳ್ಳೆಯದಿರಲಿ, ಅದರ ಹೊಟ್ಟೆಗೆ ಪ್ಲಾಸ್ಟಿಕ್ ಹೋದರೆ ಅದು ನಿಂತುಬಿಡುತ್ತದೆ.

ಬೇರೆ ಊರುಗಳವರು ಏನು ಮಾಡಿದರು?

ಕೊಳಕನ್ನೇ ಅನ್ನವಾಗಿಸಿದ ಊರು ನಮ್ಮ ದೇಶದಲ್ಲೇ ಇದೆ. ಕೋಲ್ಕತ್ತದ ಪೂರ್ವದಲ್ಲಿ ಸುಮಾರು 12,500 ಹೆಕ್ಟೇರಿನಷ್ಟು ಜೌಗು ಭೂಮಿಯಿದೆ. ನಗರದ ಚರಂಡಿ ನೀರು ಅಲ್ಲಿನ ಕೆರೆಗಳಿಗೆ ಹರಿದು, ಬಿಸಿಲಿನಲ್ಲಿ ಪಾಚಿ ಬೆಳೆದು ಶುದ್ಧವಾಗುತ್ತ ಮೀನಿಗೆ ಆಹಾರವಾಗುತ್ತದೆ. ಅಲ್ಲಿಂದ ಮುಂದೆ ಗದ್ದೆಗೂ ತರಕಾರಿ ಮಡಿಗಳಿಗೂ ಹೋಗುತ್ತದೆ. ಮೀನುಗಾರರು ಅನುಭವದಿಂದ ಕಂಡುಕೊಂಡ ಈ ವಿದ್ಯೆಯನ್ನು ಇಂಜಿನಿಯರ್ ಧ್ರುವಜ್ಯೋತಿ ಘೋಷ್ ಜಗತ್ತಿಗೆ ವಿವರಿಸಿದರು. 2002ರಲ್ಲಿ ಆ ಪ್ರದೇಶ ರಾಮ್ಸರ್ ಪಟ್ಟಿಗೆ ಸೇರಿತು.

ಬ್ರೆಜಿಲ್ ದೇಶದ ಬೆಲೊ ಹೊರಿಜಾಂಟೆ ನಗರದ ದಾರಿ ಬೇರೆ. 1993ರಲ್ಲಿ ಆ ಪಾಲಿಕೆ ಆಹಾರಕ್ಕೆಂದೇ ಒಂದು ಪ್ರತ್ಯೇಕ ಇಲಾಖೆ ತೆರೆಯಿತು. ರಸ್ತೆ, ನೀರು, ದೀಪದಂತೆ ಊಟವೂ ನಗರಾಡಳಿತದ ಹೊಣೆ ಎಂದು ಒಪ್ಪಿಕೊಂಡಿತು. ಅಗ್ಗದ ಜನತಾ ಊಟದ ಮನೆಗಳು, ರೈತರಿಗೆ ನಗರದೊಳಗೆ ಮಾರುವ ಜಾಗ, ಶಾಲೆಯ ಊಟ ಎಲ್ಲವೂ ಒಂದೇ ಸೂರಿನಡಿ ಬಂದವು. ನಮ್ಮಲ್ಲಿ ನೀರಿಗೊಂದು ಕಚೇರಿ, ಸಂತೆಗೊಂದು, ಕಸಕ್ಕೊಂದು. ಊಟ ಎಂಬ ಒಂದೇ ವಸ್ತು ಈ ಮೂರೂ ಕಚೇರಿಗಳನ್ನು ಸುತ್ತಿ ಬರುತ್ತದೆ, ಆದರೆ ಯಾವ ಕಚೇರಿಯ ಹಲಗೆಯ ಮೇಲೂ ಅದರ ಹೆಸರಿಲ್ಲ.

ನಮ್ಮಿಂದ ಆಗುವುದೇನು?

"ಇದೆಲ್ಲ ಸರಕಾರ ಮಾಡಬೇಕಾದದ್ದು, ನಾವೇನು ಮಾಡಲು ಸಾಧ್ಯ?" ಎಂದು ನೀವು ಕೇಳಬಹುದು. ಪುಣೆಯವರಿಗೆ ಊಟ ಹಾಕುವುದರಲ್ಲಿ ಕನ್ನಡಿಗರ ಪಾಲು ಸಣ್ಣದಲ್ಲ. ಫರ್ಗ್ಯುಸನ್ ಕಾಲೇಜ್ ರಸ್ತೆಯ ಜಗನ್ನಾಥ ಶೆಟ್ಟಿಯವರ 'ವೈಶಾಲಿ'ಯಿಂದ ಹಿಡಿದು ಓಣಿಯ ಉಡುಪಿ ಹೋಟೆಲಿನವರೆಗೆ, ಈ ಊರಿಗೆ ಇಡ್ಲಿ ದೋಸೆಯ ರುಚಿ ಹತ್ತಿಸಿದವರು ನಮ್ಮವರು. ಬಡಿಸಿದ ಕೈಗಳಿಗೆ ಎಂಜಲೆಲೆ ಎತ್ತುವ ಜವಾಬ್ದಾರಿಯೂ ಇದೆ. ನಾಲ್ಕು ಕೆಲಸಗಳನ್ನು ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದು ಗೊಬ್ಬರ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಅರ್ಧದಿಂದ ಒಂದು ಕಿಲೊ ಹಸಿ ಕಸ ಬರುತ್ತದೆ. ಮುಚ್ಚಳವಿರುವ ಎರಡು ಹಳೆಯ ಬಕೆಟ್ ತೆಗೆದುಕೊಳ್ಳಿ. ತಳದಲ್ಲೂ ಪಕ್ಕದಲ್ಲೂ ಗಾಳಿಯಾಡಲು ತೂತು ಮಾಡಿ. ತಳಕ್ಕೆ ನಾಲ್ಕು ಬೆರಳು ಒಣ ಎಲೆ ಹಾಸಿ. ಅದರ ಮೇಲೆ ದಿನದ ಸಿಪ್ಪೆ, ಸಿಪ್ಪೆಯ ಮೇಲೆ ಮತ್ತೆ ಒಂದೆರಡು ಹಿಡಿ ಒಣ ಎಲೆ. ವಾರಕ್ಕೊಮ್ಮೆ ಸ್ವಲ್ಪ ಹುಳಿ ಮಜ್ಜಿಗೆ ಅಥವಾ ಸಗಣಿ ನೀರು ಚಿಮುಕಿಸಿ, ಎರಡು ಸಲ ಕೆದಕಿ. ಎಣ್ಣೆಯ ಸಾರು, ಮೂಳೆ ಹಾಕಬೇಡಿ. ವಾಸನೆ ಬಂದರೆ ಹಸಿ ಹೆಚ್ಚಾಯಿತೆಂದು ತಿಳಿದು ಒಣ ಎಲೆ ಸೇರಿಸಿ. ತೀರ ಒಣಗಿದರೆ ನೀರು ಚಿಮುಕಿಸಿ. ಒಂದು ಬಕೆಟ್ ತುಂಬಿದ ಮೇಲೆ ಎರಡನೆಯದನ್ನು ಆರಂಭಿಸಿ. ತುಂಬಿದ್ದು ಎರಡು ತಿಂಗಳ ಹೊತ್ತಿಗೆ ಕಪ್ಪು ಮಣ್ಣಿನಂತಾಗಿ, ಮೊದಲ ಮಳೆಯ ವಾಸನೆ ಬೀರುತ್ತದೆ. ಸೊಸೈಟಿಯಲ್ಲಿ ಗುಡಿಸಿ ಸುಡುವ ಒಣ ಎಲೆಯೇ ಇದಕ್ಕೆ ಬೇಕಾದ ಸಾಮಗ್ರಿ. ಅದಕ್ಕೆ ಬೆಂಕಿ ಹಚ್ಚುವುದನ್ನು ನಿಲ್ಲಿಸಿದರೆ ಹೊಗೆಯೂ ತಪ್ಪುತ್ತದೆ.

ಎರಡನೆಯದು ಮಹಡಿಯ ಸೊಪ್ಪು. ಕೊಲ್ಹಾಪುರದ ಗಣಿತ ಪ್ರಾಧ್ಯಾಪಕ ಶ್ರೀಪಾದ ದಾಭೋಳಕರ ಅವರು 'ಪ್ರಯೋಗ ಪರಿವಾರ'ದ ಮೂಲಕ, ಒಣ ಎಲೆ ಮತ್ತು ಸಿಪ್ಪೆಯಿಂದ ಮಾಡಿದ ಮಣ್ಣಿನಲ್ಲಿ ಸಣ್ಣ ಜಾಗದಲ್ಲೂ ಬೆಳೆಯಬಹುದೆಂದು ತೋರಿಸಿದರು. ಬೆಂಗಳೂರಿನಲ್ಲಿ ಡಾ. ಬಿ. ಎನ್. ವಿಶ್ವನಾಥ್ ಅವರು ತಾರಸಿ ತೋಟದ ವಿದ್ಯೆಯನ್ನು ಬಹಳ ಮಂದಿಗೆ ಕಲಿಸಿದರು. ತಾರಸಿಯಿಂದ ಜೋಳ ಅಕ್ಕಿ ಬರುವುದಿಲ್ಲ, ನಿಜ. ಆದರೆ ಮೆಂತ್ಯ, ಕೊತ್ತಂಬರಿ, ಪಾಲಕ, ಹಸಿಮೆಣಸು, ಕರಿಬೇವು, ಕರಾವಳಿಯವರ ಬಸಳೆ ಇಷ್ಟಕ್ಕೆ ಹತ್ತು ಕುಂಡ ಸಾಕು. ತೂಕ ಮತ್ತು ನೀರಿನ ಸೋರಿಕೆಯ ಬಗ್ಗೆ ಸೊಸೈಟಿಯವರೊಡನೆ ಮೊದಲೇ ಮಾತಾಡಿಕೊಳ್ಳಿ. ಸೊಸೈಟಿಯಲ್ಲೇ ಎರೆಗೊಬ್ಬರದ ತೊಟ್ಟಿ ಕಟ್ಟಿ ನಡೆಸಿದರೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುವ ಪದ್ಧತಿಯನ್ನು ನಮ್ಮ ಪಾಲಿಕೆ ಇಟ್ಟುಕೊಂಡು ಬಂದಿದೆ. ಕಾರ್ಯದರ್ಶಿಯವರು ವಾರ್ಡ್ ಕಚೇರಿಯಲ್ಲಿ ವಿಚಾರಿಸಲಿ.

ಮೂರನೆಯದು ಕೊಳ್ಳುವ ರೀತಿ. ವಾರಕ್ಕೊಮ್ಮೆಯಾದರೂ ರೈತರ ಸಂತೆಗೆ ಹೋಗಿ. ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿಗಾಗಿ ಚೌಕಾಶಿ ಮಾಡುವ ನಾವು ಮಾಲ್‌ಗಳಲ್ಲಿ ಬರೆದ ಬೆಲೆಗೆ ತುಟಿಬಿಚ್ಚದೆ ಕೊಡುತ್ತೇವಲ್ಲ! ಆಯಾ ಋತುವಿನ ತರಕಾರಿ ಕೊಳ್ಳಿ. ಯಾವ ಊರಿನದೆಂದು ಕೇಳಿ. ಕೇಳುವ ಗಿರಾಕಿ ಇದ್ದಾನೆಂದು ತಿಳಿದರೆ ಬೆಳೆಯುವವನಿಗೂ ಹುರುಪು.

ನಾಲ್ಕನೆಯದು ನಮ್ಮ ಸಂಘಗಳ ಕೆಲಸ. ಗಣೇಶೋತ್ಸವ, ದಸರಾ, ರಾಜ್ಯೋತ್ಸವ ಎಂದರೆ ನೂರಾರು ಎಲೆಯ ಪಂಕ್ತಿ. ಬಾಳೆ ಎಲೆ, ತರಕಾರಿ ಸಿಪ್ಪೆ, ಹೂವು ಎಲ್ಲವೂ ಗೊಬ್ಬರವಾಗುವ ವಸ್ತುಗಳೇ. ಅವುಗಳ ನಡುವೆ ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿ ಬಿದ್ದಾಗ ಎಲ್ಲವೂ ಕೆಡುತ್ತದೆ. ಮುಂದಿನ ಹಬ್ಬದ ಊಟಕ್ಕೆ ಸ್ಟೀಲ್ ಲೋಟ ತರಿಸೋಣ. ಎಲೆಗೆ ಬೇರೆ ಡ್ರಮ್ಮು, ಉಳಿದದ್ದಕ್ಕೆ ಬೇರೆ ಡ್ರಮ್ಮು ಇಟ್ಟು ಇಬ್ಬರು ಯುವಕರನ್ನು ಅದರ ಬಳಿ ನಿಲ್ಲಿಸೋಣ. ಮಿಕ್ಕ ಅನ್ನ ಯಾರ ಹೊಟ್ಟೆಗೆ ಹೋಗಬೇಕೆಂಬುದನ್ನು ಒಲೆ ಹಚ್ಚುವ ಮೊದಲೇ ನಿರ್ಧರಿಸೋಣ.

ಹನಿಗೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಒಂದು ಮನೆಯ ಅರ್ಧ ಕಿಲೊ ಸಿಪ್ಪೆ ಏನೂ ಅಲ್ಲ. ಆದರೆ ನಿತ್ಯ ಅರ್ಧ ಕಿಲೊದಂತೆ ಇನ್ನೂರು ಮನೆಗಳು ಒಂದು ವರ್ಷ ತಡೆದರೆ 36 ಟನ್ನಿಗೂ ಹೆಚ್ಚಾಯಿತು. ಅಷ್ಟು ಹೊರೆ ಹಡಪಸರದ ಆಚೆಯ ಹಳ್ಳಿಯ ದಾರಿ ಹಿಡಿಯುವುದು ತಪ್ಪಿತು. ಈ ಸಂಚಿಕೆ ನಿಮ್ಮ ಕೈ ಸೇರಿದ ವಾರದಲ್ಲೇ ಎರಡು ಬಕೆಟ್ಟುಗಳಿಗೆ ತೂತು ಕೊರೆಯಿರಿ. ಎರಡು ತಿಂಗಳ ನಂತರ ಸಿಗುವ ಗೊಬ್ಬರದಲ್ಲಿ ಒಂದು ಹಿಡಿ ಮೆಂತ್ಯ ಬಿತ್ತಿ. ಆ ಪಲ್ಯ ಯಾವ ಹೊಲದ್ದೆಂದು ಆಗ ಯಾರಾದರೂ ಕೇಳಿದರೆ ನಿಮ್ಮ ಬಳಿ ಪೂರ್ತಿ ಉತ್ತರವಿರುತ್ತದೆ.